ಕಡಲಡಿಯ ನೆಲಕ್ಕೆ ಗಡಿ ಹಾಕುವುದು ಹೇಗೆ?

ಕರಾವಳಿ ಇರುವ ದೇಶಕ್ಕೆ 200 ನಾಟಿಕಲ್ ಮೈಲಿವರೆಗಿನ ಕಡಲಡಿಯ ನೆಲ ಕೇಳದೆಯೇ ಸಲ್ಲುತ್ತದೆ; ಅಲ್ಲಿಂದಾಚೆಗೆ ತನ್ನ ಖಂಡಾವರಣ ಪ್ರದೇಶ, ಅಂದರೆ ನೀರಿನಡಿ ಮುಂದುವರಿದ ಭೂಖಂಡದ ಭಾಗ, ಎಲ್ಲಿವರೆಗಿದೆ ಎಂಬುದನ್ನು ಅದು ಅಳೆದು ತೋರಿಸಬೇಕು. ಅಳೆಯುವ ಕ್ರಮ ವಿಶ್ವಸಂಸ್ಥೆಯ 1982ರ ಸಮುದ್ರ ಕಾನೂನು ಒಪ್ಪಂದದ 76ನೇ ವಿಧಿಯಲ್ಲಿದೆ. ಹೀಗೆ ಸಿಗುವುದು ನೆಲದ ಮತ್ತು ಅದರೊಡಲಿನ ತೈಲ, ಅನಿಲ, ಖನಿಜಗಳಂಥ ಸಂಪತ್ತಿನ ಮೇಲಿನ ಹಕ್ಕು ಮಾತ್ರ. ಮೇಲಿನ ನೀರಿಗೂ ಅದರಲ್ಲಿ ಈಜುವ ಮೀನಿಗೂ ಅದು ಅನ್ವಯಿಸದು.

ಮೊದಲು, ದೂರ ಅಳೆಯಲು ಶುರುಮಾಡುವ ಆಧಾರರೇಖೆ ಬೇಕು. ಸಾಮಾನ್ಯವಾಗಿ ಇಳಿತದ ವೇಳೆ ನೀರು ತಲುಪುವ ದಡದ ಅಂಚೇ ಅದು.

ಮುಂದಿನ ಕೆಲಸ ಆಳ ಸಾಗರದತ್ತ ಇಳಿಯುವ ಖಂಡಾವರಣ ಇಳಿಜಾರಿನ ಬುಡವನ್ನು ಪತ್ತೆಹಚ್ಚುವುದು. ಹಡಗಿನಿಂದ ಶಬ್ದದ ಅಲೆಗಳನ್ನು ಕಳಿಸಿ ಕಡಲತಳದ ಏರಿಳಿತದ ನಕ್ಷೆ ತಯಾರಿಸಿ, ಇಳಿಜಾರು ಮುಗಿಯುವಲ್ಲಿ ವಾಟ ಅತಿ ಹೆಚ್ಚು ಬದಲಾಗುವ ಬಿಂದುವನ್ನು ಬುಡವೆಂದು ಹಿಡಿಯುತ್ತಾರೆ. ಇದು ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪಿದಂತೆ.

ಬುಡದಿಂದಾಚೆ ಎರಡು ಸೂತ್ರಗಳಿವೆ. ಯಾವುದು ದೂರ ಒಯ್ಯುತ್ತದೋ ಅದನ್ನು ಬಳಸಬಹುದು. ಒಂದು, ಬುಡದಿಂದ 60 ಮೈಲಿ (ಇಲ್ಲಿ ಮೈಲಿ ಎಂದರೆಲ್ಲ ನಾಟಿಕಲ್ ಮೈಲಿ). ಇನ್ನೊಂದು, ಬುಡದಿಂದ ಇರುವ ದೂರದ ಶೇ 1ರಷ್ಟಾದರೂ ದಪ್ಪದ ಕಣಶಿಲೆ (ಹೂಳು ಪದರಪದರವಾಗಿ ಕೂಡಿ ಗಟ್ಟಿಯಾದ ಶಿಲೆ) ಸಿಗುವ ಕೊನೆಯ ಬಿಂದು. ಬುಡವು ಆಧಾರರೇಖೆಯಿಂದ 120 ಮೈಲಿಯಲ್ಲಿದೆ ಎಂದುಕೊಳ್ಳಿ. ಮೊದಲ ಸೂತ್ರ 180ಕ್ಕೇ ನಿಲ್ಲುವುದರಿಂದ ಪ್ರಯೋಜನವಿಲ್ಲ. ಆದರೆ ಬುಡದಿಂದ 100 ಮೈಲಿ, ಅಂದರೆ ಸುಮಾರು 185 ಕಿ.ಮೀ. ಆಚೆ ಕಣಶಿಲೆ 1.85 ಕಿ.ಮೀ.ಗಿಂತ ದಪ್ಪವಿದ್ದರೆ ಗಡಿ 220 ಮೈಲಿಗೆ ಸರಿಯುತ್ತದೆ.

ಈ ಸೂತ್ರವೂ ಸಾಲದ ಕಡಲೊಂದಿದೆ, ಅದು ನಮ್ಮ ಬಂಗಾಳ ಕೊಲ್ಲಿ. ಗಂಗಾ, ಬ್ರಹ್ಮಪುತ್ರಾ ನದಿಗಳು ಹಿಮಾಲಯದಿಂದ ಹೊತ್ತು ತಂದ ಹೂಳು ಅಲ್ಲಿ ಕೆಲವೆಡೆ 16 ಕಿ.ಮೀ.ಗೂ ದಪ್ಪವಾಗಿ, ಸುಮಾರು 3,000 ಕಿ.ಮೀ. ದಕ್ಷಿಣದವರೆಗೆ ಹರಡಿದೆ. ಶ್ರೀಲಂಕಾದ ಇಳಿಜಾರಿನ ಬುಡವೋ ದಡಕ್ಕೆ ತೀರಾ ಹತ್ತಿರ. ಆದ್ದರಿಂದ ಶೇ 1ರ ಲೆಕ್ಕ ಹಿಡಿದರೆ ಅದರ ಪಾಲಿನ ಅರ್ಧಕ್ಕಿಂತ ಹೆಚ್ಚು ನೆಲ ಗಡಿಯ ಹೊರಗೇ ಉಳಿಯುತ್ತಿತ್ತು. ಹೀಗಾಗಿ ಕೊಲ್ಲಿಯ ದಕ್ಷಿಣ ಭಾಗಕ್ಕಾಗಿ 1980ರಲ್ಲಿ ಪ್ರತ್ಯೇಕ ಒಡಂಬಡಿಕೆ ರೂಪುಗೊಂಡಿತು: ದೂರ ಎಷ್ಟೇ ಇರಲಿ, ಕಣಶಿಲೆ 1 ಕಿ.ಮೀ. ದಪ್ಪವಿದ್ದರೆ ಸಾಕು. ನೆರೆಯ ಭಾರತವೂ ಇದರ ಲಾಭ ಪಡೆಯಬಹುದು. ನದಿಯ ಹೂಳಿಗಾಗಿ ಅಂತರರಾಷ್ಟ್ರೀಯ ಕಾನೂನು ಇಷ್ಟು ಬಾಗಿದ ಉದಾಹರಣೆ ಅಪರೂಪವೇ ಸರಿ.

ಸಾಮಾನ್ಯ ಸೂತ್ರಗಳಿಂದ ಬಂದ ರೇಖೆಗೂ ಮಿತಿಯಿದೆ. ಆಧಾರರೇಖೆಯಿಂದ 350 ಮೈಲಿ ಇಲ್ಲವೇ 2,500 ಮೀಟರ್ ಆಳದ ರೇಖೆಯಿಂದ 100 ಮೈಲಿ, ಇವೆರಡರಲ್ಲಿ ಯಾವುದು ಹೆಚ್ಚು ದೂರವೋ ಅದನ್ನು ಅದು ಮೀರಕೂಡದು. ಸಾಗರದಡಿಯ ಏಣುಗಳ ಮೇಲೆ 350 ಮಾತ್ರ ಅನ್ವಯ. ಕೊನೆಗೆ, ಪರಸ್ಪರ 60 ಮೈಲಿ ಮೀರದ ಬಿಂದುಗಳನ್ನು ನೇರ ಗೆರೆಗಳಿಂದ ಜೋಡಿಸಬೇಕು.

ಈ ದಾಖಲೆಗಳೆಲ್ಲ ಇದೇ ಒಪ್ಪಂದದಡಿ ರಚಿತವಾದ 21 ತಜ್ಞರ ಆಯೋಗಕ್ಕೆ ಹೋಗುತ್ತವೆ. ಭಾರತ ತನ್ನ ಅರ್ಜಿಯನ್ನು 2009ರ ಮೇ 11ರಂದು, ಗಡುವಿಗೆ ಎರಡೇ ದಿನ ಇರುವಾಗ ಸಲ್ಲಿಸಿತು. ಆಯೋಗದ ಶಿಫಾರಸಿನ ಆಧಾರದ ಮೇಲೆ ದೇಶವೇ ಗೊತ್ತುಮಾಡಿದ ಗಡಿ ಅಂತಿಮ. ಆದರೆ ನೆರೆಹೊರೆಯ ದೇಶಗಳ ನಡುವಿನ ಪಾಲು ಹಂಚುವ ಅಧಿಕಾರ ಆಯೋಗಕ್ಕಿಲ್ಲ; ಭಾರತ ಮತ್ತು ಬಾಂಗ್ಲಾದೇಶದ ನಡುವಿನ ಕಡಲಗಡಿಯನ್ನು 2014ರಲ್ಲಿ ಎಳೆದದ್ದು ಮಧ್ಯಸ್ಥಿಕೆ ನ್ಯಾಯಮಂಡಳಿ.