ಅಮ್ಮನ ಮುದ್ದೆ, ಅಮ್ಮನ ಶುಗರ್

ಅಮ್ಮನಿಗೆ ಈಗ 74. ಎರಡು ವರ್ಷದ ಹಿಂದೆ ಊರಿಂದ ನಮ್ಮ ಮನೆಗೆ ಬಂದಾಗ ಬೆಳಗ್ಗೆ ಒಂದು ದೊಡ್ಡ ಲೋಟ ರಾಗಿ ಗಂಜಿ ಕುಡಿಯುತ್ತಿದ್ದರು. ‘ರಾಗಿ ಅಲ್ವಾ, ಶುಗರ್‌ಗೆ ಒಳ್ಳೇದು’ ಅನ್ನುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ. ಒಂದು ದಿನ ಗಂಜಿ ಕುಡಿದ ಎರಡು ಗಂಟೆಗೆ ಸುಮ್ನೆ ಬೆರಳು ಚುಚ್ಚಿ ನೋಡಿದೆ. 268!

ರಾಗಿಯಲ್ಲಿ ನಾರು ಜಾಸ್ತಿ, ನಿಜ. ಆದರೆ ಪಿಷ್ಟ ಅಕ್ಕಿಗಿಂತ ತೀರಾ ಕಡಿಮೆ ಏನಿಲ್ಲ. ನುಣ್ಣಗೆ ಜರಡಿ ಹಿಡಿದ ಹಿಟ್ಟನ್ನು ತೆಳ್ಳಗೆ ಕಾಯಿಸಿ ಕುಡಿದರೆ ಬೇಗ ಶುಗರ್ ಏರುತ್ತದೆ. ಗಂಜಿ ನಿಲ್ಲಿಸಿದೆ. ಮುದ್ದೆ ಬಿಡಿಸಲಿಲ್ಲ. ಮುದ್ದೆ ಇಲ್ಲದೆ ಅಮ್ಮನಿಗೆ ಊಟ ಮಾಡಿದ ಹಾಗೇ ಆಗುವುದಿಲ್ಲ. ಹಿಟ್ಟನ್ನು ಜರಡಿ ಹಿಡಿಯದೆ, ಸಣ್ಣ ಕಿತ್ತಳೆ ಹಣ್ಣಿನಷ್ಟು ಒಂದೇ ಮುದ್ದೆ ಕಟ್ಟುತ್ತೇನೆ. ಆಮೇಲೆ ಅನ್ನ ಇಲ್ಲ. ಮೊದಲು ಒಂದು ಬಟ್ಟಲು ಸೊಪ್ಪಿನ ಪಲ್ಯ, ಬೇಯಿಸಿದ ಹೆಸರುಕಾಳು. ಅದಾದ ಮೇಲೆ ಮುದ್ದೆ, ಬಸ್ಸಾರು. ಅಮ್ಮನಿಗೆ ಹಲ್ಲುಸೆಟ್ಟು. ಹಸಿ ಸೌತೆಕಾಯಿ, ಕೋಸಂಬರಿ ಅಗಿಯಲು ಕಷ್ಟ. ಅದಕ್ಕೇ ಎಲ್ಲಾ ಮೆತ್ತಗೆ ಬೇಯಿಸುತ್ತೇನೆ.

ತಿಂಗಳೊಳಗೆ ಊಟದ ನಂತರದ ಶುಗರ್ 180ರ ಆಸುಪಾಸಿಗೆ ಬಂತು. ಆ ಖುಷಿಯಲ್ಲಿ ನಾನು ತಪ್ಪು ಮಾಡಿದೆ. ಇನ್ನೂ ಇಳಿಯಲಿ ಅಂತ ರಾತ್ರಿ ಊಟವನ್ನೂ ಕಡಿಮೆ ಮಾಡುತ್ತಾ ಹೋದೆ. ಅಷ್ಟರಲ್ಲಿ ಏಕಾದಶಿ ಬಂತು. ಅಮ್ಮ ಮಜ್ಜಿಗೆ, ಒಂದು ಬಾಳೆಹಣ್ಣಿನಲ್ಲೇ ದಿನ ಕಳೆದರು. ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಮಾತ್ರ ಎಂದಿನಂತೆ ನುಂಗಿದ್ದರು. ರಾತ್ರಿ ಮೂರು ಗಂಟೆಗೆ ಏನೋ ಗೊಣಗುವ ಸದ್ದು ಕೇಳಿ ಎದ್ದು ಹೋದೆ. ರವಿಕೆ, ದಿಂಬು ಎಲ್ಲಾ ಬೆವರಿಗೆ ಒದ್ದೆ. ಕೈ ನಡುಗುತ್ತಿತ್ತು. ನನ್ನನ್ನು ಚಿಕ್ಕಮ್ಮನ ಹೆಸರಿಂದ ಕರೆದರು. ಶುಗರ್ ತೀರಾ ಇಳಿದಿತ್ತು, ಮೀಟರ್ 54 ತೋರಿಸಿತು.

ನುಂಗಲು ಆಗುತ್ತಿತ್ತು, ಸದ್ಯ. ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಗುಟುಕು ಗುಟುಕಾಗಿ ಕುಡಿಸಿದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿದೆ, 93. ಆಮೇಲೆ ಹಾಲು, ಎರಡು ಬಿಸ್ಕತ್ತು ಕೊಟ್ಟು ಬೆಳಗಾಗುವವರೆಗೂ ಪಕ್ಕದಲ್ಲೇ ಕೂತಿದ್ದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ನೇರ ಆಸ್ಪತ್ರೆಗೆ ಕರೆದೊಯ್ಯಬೇಕು.

ಮರುದಿನ ಡಾಕ್ಟರು ಮಾತ್ರೆಯ ಡೋಸ್ ಇಳಿಸಿದರು. ಈ ವಯಸ್ಸಿಗೆ, ಅಮ್ಮನಿಗಿರುವ ಬೇರೆ ತೊಂದರೆಗಳನ್ನೂ ನೋಡಿದರೆ, ಎರಡು-ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ಎಚ್‌ಬಿಎ1ಸಿ 8ರ ಒಳಗಿದ್ದರೆ ಸಾಕು, 6ಕ್ಕೆ ತರಲು ಹೋಗಬೇಡಿ ಅಂದರು. ಶುಗರ್ ಒಂದಿಷ್ಟು ಜಾಸ್ತಿ ಇದ್ದರೆ ನಾಳೆ ಸರಿಮಾಡಬಹುದು. ರಾತ್ರಿ ತಲೆ ಸುತ್ತಿ ಬಿದ್ದು ಸೊಂಟ ಮುರಿದರೆ ಏನು ಮಾಡುವುದು?

ಈಗ ಅವರ ಮಂಚದ ಪಕ್ಕ ಸಕ್ಕರೆ ಡಬ್ಬಿ ಇದೆ. ಕಳೆದ ಸಲ ಎಚ್‌ಬಿಎ1ಸಿ 7.6 ಇತ್ತು. ಮೊನ್ನೆ ಏಕಾದಶಿಗೆ ಅಮ್ಮನೇ ಕರೆದು ಹೇಳಿದರು: ‘ರಾತ್ರಿಗೆ ಒಂದು ಬಟ್ಟಲು ಅವಲಕ್ಕಿ ಕಲಸಿಡು ಕಣೇ, ಮಾತ್ರೆ ತಗೋಬೇಕಲ್ಲ.’