ನನ್ನ ಆಯ್ಕೆಗಳ ಅಸಂಗತತೆಯನ್ನು ನಾನೇ ಅಳೆದ ಬಗೆ

ಪದವಿ ತರಗತಿಗಳಿಗೆ ಅನುಭೋಗಿ ವರ್ತನೆಯ ಪಾಠ ಮಾಡುವ ನಾನು, ಪಾಲ್ ಸ್ಯಾಮುಯೆಲ್ಸನ್ 1938ರಲ್ಲಿ ಮುಂದಿಟ್ಟ ‘ಪ್ರಕಟಿತ ಆದ್ಯತೆ’ಯ ತತ್ತ್ವವನ್ನು (ಕೈಗೆಟಕುವ ಎರಡರಲ್ಲಿ ಒಂದನ್ನು ಆರಿಸಿದರೆ ಅದೇ ಮೇಲೆಂದು ಸಾರಿದಂತೆ, ಮುಂದಿನ ಆಯ್ಕೆ ಅದನ್ನು ತಿರುಗುಮುರುಗು ಮಾಡಬಾರದು ಎಂಬುದನ್ನು) ವರ್ಷಗಟ್ಟಲೆ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೆ, ಆದರೆ ನನ್ನ ಆಯ್ಕೆಗಳೇ ಅದಕ್ಕೆ ಒಗ್ಗುತ್ತವೆಯೇ ಎಂದು ಪರೀಕ್ಷಿಸಿದ್ದು ಕಳೆದ ಬೇಸಿಗೆ ರಜೆಯಲ್ಲಿ.

ಪರೀಕ್ಷೆ ಇಷ್ಟೆ: ಪರದೆಯ ಮೇಲೆ ಬಜೆಟ್ ರೇಖೆ (ಕೈಯಲ್ಲಿರುವುದೆಲ್ಲ ಖರ್ಚಾಗುವಂತೆ ಎರಡು ತಿಂಡಿಗಳನ್ನು ಎಷ್ಟೆಷ್ಟು ಕೊಳ್ಳಬಹುದೆಂದು ತೋರಿಸುವ ಗೆರೆ), ಒಂದು ಅಕ್ಷದಲ್ಲಿ ಕಡಲೆ ಚಿಕ್ಕಿ, ಇನ್ನೊಂದರಲ್ಲಿ ಎಳ್ಳುಂಡೆ, ಕೈಯಲ್ಲಿ 12 ಬಿಲ್ಲೆ. ಸುತ್ತಿನಿಂದ ಸುತ್ತಿಗೆ ಬೆಲೆ ಬದಲಾಗುತ್ತದೆ. ರೇಖೆಯ ಮೇಲೆ ಒಂದು ಬಿಂದುವನ್ನು ಮೌಸ್‌ನಿಂದ ಒತ್ತಬೇಕು. ಕೊನೆಯಲ್ಲಿ ಚೀಟಿ ಎತ್ತಿ, ಬಂದ ಸುತ್ತಿನ ತಿಂಡಿಯನ್ನು ನಿಜವಾಗಿಯೂ ಪಡೆಯುವ ನಿಯಮವನ್ನು ಬಿಡಬಾರದು, ಏಕೆಂದರೆ ಫಲವಿಲ್ಲದ ಆಯ್ಕೆಯನ್ನು ಮನಸ್ಸು ಆಯ್ಕೆಯೆಂದೇ ಎಣಿಸುವುದಿಲ್ಲ.

ಒಂದು ಸುತ್ತಿನಲ್ಲಿ ಚಿಕ್ಕಿಗೆ 1, ಎಳ್ಳುಂಡೆಗೆ 2 ಬಿಲ್ಲೆಯಿದ್ದಾಗ ನಾನು 2 ಚಿಕ್ಕಿ, 5 ಎಳ್ಳುಂಡೆ ಆರಿಸಿದ್ದೆ. ಬೆಲೆಗಳು ಅದಲುಬದಲಾದ ಇನ್ನೊಂದು ಸುತ್ತಿನಲ್ಲಿ 5 ಚಿಕ್ಕಿ, 2 ಎಳ್ಳುಂಡೆ ಆರಿಸಿದೆ. ಎರಡೂ ಬಾರಿ, ಬಿಟ್ಟ ಕಟ್ಟು, ಅಂದರೆ ಇನ್ನೊಂದು ಸುತ್ತಿನಲ್ಲಿ ಆರಿಸಿದ ತಿಂಡಿಗಳು, 9 ಬಿಲ್ಲೆಗೇ ಸಿಗುತ್ತಿತ್ತು. ಮೊದಲನೆಯದು ಎರಡನೆಯದಕ್ಕಿಂತ ಮೇಲು, ಎರಡನೆಯದು ಮೊದಲನೆಯದಕ್ಕಿಂತ ಮೇಲು ಎಂದು ನಾನೇ ಸಾರಿದಂತಾಯಿತು. ಆಯ್ಕೆಗಳು ಎಷ್ಟು ಸುಸಂಗತ ಎಂದು ಅಳೆಯುವ, ಸಂಪೂರ್ಣ ಸುಸಂಗತ ಆಯ್ಕೆಗೆ 1 ಆಗಿರುವ ಅಫ್ರಿಯಾಟ್ ಸೂಚ್ಯಂಕ, ಈ ಎರಡು ಸುತ್ತುಗಳಿಂದಲೇ 0.75ಕ್ಕೆ (12ರಲ್ಲಿ 9) ಇಳಿಯುತ್ತದೆ.

ಭಾವನೆ ವಿವೇಕವನ್ನು ಮಣಿಸಿದೆ ಎಂದೇ ನಾನು ಮೊದಲು ಭಾವಿಸಿದೆ. ಆದರೆ ಮಿದುಳಿನ ಅಧ್ಯಯನಗಳು ಬೇರೆಡೆಗೆ ಬೆರಳು ತೋರುತ್ತವೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಣೆಯ ಹಿಂದೆ ನಡುಮಧ್ಯದ ಕೆಳಭಾಗದಲ್ಲಿರುವ ವೆಂಟ್ರೋಮೀಡಿಯಲ್ ಪ್ರಿಫ್ರಂಟಲ್ ತೊಗಟೆಗೆ ಹಾನಿಯಾದವರು, ಇಂಥದೇ ಆಯ್ಕೆಗಳಲ್ಲಿ ಇತರರಿಗಿಂತ ಹೆಚ್ಚು ಬಾರಿ ತಮ್ಮನ್ನು ತಾವೇ ವಿರೋಧಿಸಿಕೊಂಡರು. ವಸ್ತುಗಳ ಮೌಲ್ಯವನ್ನು ತೂಗುವ ಕೆಲಸದಲ್ಲಿ ಮುಖ್ಯ ಪಾಲು ಆ ಭಾಗದ್ದೇ. ಆರೋಗ್ಯವಂತರ ಮಿದುಳನ್ನು, ರಕ್ತದ ಹರಿವಿನ ಬದಲಾವಣೆಯಿಂದ ಮಿದುಳಿನ ಚಟುವಟಿಕೆಯನ್ನು ತೋರುವ ಎಫ್‌ಎಂಆರ್‌ಐ ಯಂತ್ರದಲ್ಲಿ ನೋಡಿದ 2019ರ ಮತ್ತೊಂದು ಅಧ್ಯಯನವೂ, ಅಸಂಗತತೆಯ ಮಟ್ಟ ಮೌಲ್ಯ ತೂಗುವ ಭಾಗಗಳ ಚಟುವಟಿಕೆಯೊಂದಿಗೇ ಹೆಣೆದುಕೊಂಡಿರುವುದನ್ನು ಕಂಡಿತು. ಅಂದರೆ ತಕ್ಕಡಿಯನ್ನು ಹೊರಗಿನಿಂದ ಯಾರೋ ತಳ್ಳುವುದಕ್ಕಿಂತ, ತಕ್ಕಡಿಯೇ ಅಲುಗುತ್ತಿರುವ ಸಾಧ್ಯತೆ ನನಗೆ ಹೆಚ್ಚು ಸರಿಯೆನಿಸುತ್ತದೆ.

ಆ ಎರಡನೆಯ ಅಧ್ಯಯನದಿಂದ ಒಂದು ಎಚ್ಚರಿಕೆಯನ್ನೂ ಕಲಿತೆ: ತಪ್ಪು ಕೈಯದೋ ಆಯ್ಕೆಯದೋ ಎಂಬುದನ್ನು ಬೇರ್ಪಡಿಸಬೇಕು. ಹಾಗಾಗಿ ಮೊದಲೇ ಗುರುತು ಹಾಕಿದ ಬಿಂದುವನ್ನು ಒತ್ತುವ ಸುತ್ತುಗಳನ್ನು ಸೇರಿಸಿದೆ. ಅವುಗಳಲ್ಲಿ ನನ್ನ ಕೈ ತಪ್ಪಿದ್ದು ಹೆಚ್ಚೆಂದರೆ ಕಾಲು ಚಿಕ್ಕಿಯಷ್ಟು. ಎರಡು ಚಿಕ್ಕಿಗೂ ಐದು ಚಿಕ್ಕಿಗೂ ನಡುವಿನ ಅಂತರವನ್ನು ಕೈಯ ಮೇಲೆ ಹೊರಿಸಲು ಬರುವಂತಿರಲಿಲ್ಲ.