ತೋಟದ ಹಳೇ ಜೀಪು: ಮೂಲ ಎಂಜಿನ್ ಉಳಿಸುವುದೋ, ಡೀಸೆಲ್ ಕೂರಿಸುವುದೋ?

ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ತೋಟಗಳ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತ ವಿಲ್ಲೀಸ್, ಮಹೀಂದ್ರ ಸಿಜೆ-3ಬಿ ಜೀಪುಗಳು ಇನ್ನೂ ಸಿಗುತ್ತವೆ. ಅಂಥದ್ದನ್ನು ರಸ್ತೆಗಿಳಿಸಲು ಹೊರಟವರಿಗೆ ಮೊದಲು ಸಿಗುವ ಸಲಹೆ: ‘ಪೆಟ್ರೋಲ್ ಎಂಜಿನ್ ಗುಜರಿಗೆ ಹಾಕಿ, ಡೀಸೆಲ್ ಕೂರಿಸಿ’. ಹಾಗೆ ಗುಜರಿ ಸೇರಿದ ಎಂಜಿನ್‌ಗಳಲ್ಲಿ ಎಷ್ಟೋ ರಿಪೇರಿಯಾಗುವಂಥವೇ.

ಮೊದಲು ಆರ್‌ಸಿ, ಆಮೇಲೆ ಸ್ಪ್ಯಾನರ್

ಎಂಜಿನ್ ನಂಬರು ಬ್ಲಾಕಿನ ಮುಂಭಾಗದಲ್ಲಿ, ವಾಟರ್ ಪಂಪ್ ಹತ್ತಿರದ ಉಬ್ಬಿನ ಮೇಲೆ ಕೊರೆದಿರುತ್ತದೆ. ಸೀಮೆಎಣ್ಣೆ, ಹಳೇ ಬ್ರಷ್ಷಿನಿಂದ ಒರೆಸಿ ಓದಿ. ಎಮರಿ ಹಾಕಿ ಉಜ್ಜಿದರೆ ನಂಬರೇ ಅಳಿಸಿಹೋದೀತು. ಆರ್‌ಸಿಯಲ್ಲಿರುವ ನಂಬರಿಗೂ ಇದಕ್ಕೂ ತಾಳೆಯಾದರೆ ನಿಮ್ಮ ಅರ್ಧ ನಿರ್ಧಾರ ಆದಂತೆಯೇ.

ಏಕೆಂದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಪೆಟ್ರೋಲ್ ಜೀಪಿಗೆ ಡೀಸೆಲ್ ಕೂರಿಸುವ ಯೋಚನೆ ಇದ್ದರೆ ಆರ್‌ಟಿಒ ಅನುಮತಿಯ ಮಾತು ಮೊದಲು, ಅಡ್ವಾನ್ಸ್ ಆಮೇಲೆ. ಇನ್ನೊಂದು ಲೆಕ್ಕವೂ ಇದೆ. 2021ರಲ್ಲಿ ಬಂದ ವಿಂಟೇಜ್ ನಿಯಮದಂತೆ, 50 ವರ್ಷ ದಾಟಿದ ಖಾಸಗಿ ವಾಹನಕ್ಕೆ 20,000 ರೂಪಾಯಿ ಶುಲ್ಕದಲ್ಲಿ 10 ವರ್ಷದ ನೋಂದಣಿ ಸಿಗುತ್ತದೆ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಆ ನೋಂದಣಿಯಲ್ಲಿ ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೆ ಮಾತ್ರ. ತೋಟದ ಕೆಲಸಕ್ಕೆ ಜೀಪು ಬೇಕಾದವರಿಗೆ ಇದು ಹೊಂದುವುದಿಲ್ಲ.

ಯಾವ ಎಂಜಿನ್ ಇದೆ ಎಂದು ಗುರುತಿಸಿ

ಚಪ್ಪಟೆ ಹೆಡ್, ಸ್ಪಾರ್ಕ್ ಪ್ಲಗ್ ನೇರ ಮೇಲಿನಿಂದ ಇಳಿದಿದ್ದರೆ ಅದು ಎಲ್-134. ಮೇಲೆ ಟ್ಯಾಪೆಟ್ ಕವರ್ ಇದ್ದು ಪ್ಲಗ್ ಪಕ್ಕದಿಂದ ಹೊಕ್ಕಿದ್ದರೆ ಎಫ್-134. ಎರಡೂ 2,199 ಸಿಸಿ. ಮೊದಲನೆಯದು 60 ಅಶ್ವಶಕ್ತಿ, ಎರಡನೆಯದು 70 ದಾಟುತ್ತದೆ. ‘ನಂತರ ಬಂದ ಎಂಜಿನ್ ಬೇಕು, ಆದರೆ ಜೀಪಿನ ಗುಣ ಕೆಡಬಾರದು’ ಎನ್ನುವವರಿಗೆ ಎಫ್-134 ಒಳ್ಳೆಯ ನಡುದಾರಿ. ಒಂದೇ ತೊಡಕು ಎತ್ತರದ್ದು. ಹಳೇ ತಗ್ಗು ಬಾನೆಟ್ಟಿನ ಜೀಪಿನಲ್ಲಿ ಕೂರಿಸಿದರೆ ಬಾನೆಟ್ ಮುಚ್ಚುವುದಿಲ್ಲ. ಸಿಜೆ-3ಬಿ ಮೂತಿ ಅಷ್ಟು ಎತ್ತರವಾಗಿದ್ದಕ್ಕೆ ಈ ಎಂಜಿನ್ನೇ ಕಾರಣ.

ಹಳೇ ಎಂಜಿನ್ ಸತ್ತಿದೆಯೋ, ಮಲಗಿದೆಯೋ

ವರ್ಷಗಟ್ಟಲೆ ನಿಂತ ಎಂಜಿನ್ ಜಾಮ್ ಆಗಿದ್ದರೆ ಕಟ್ಟಿ ಎಳೆದು ಸ್ಟಾರ್ಟ್ ಮಾಡಬೇಡಿ, ರಿಂಗ್ ಮುರಿಯುತ್ತದೆ. ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಡೀಸೆಲ್ ಮತ್ತು ಎಂಜಿನ್ ಆಯಿಲ್ ಸಮ ಬೆರೆಸಿ ಸುಮಾರು 30 ಮಿ.ಲೀ. ಹಾಕಿ, ಮೂರ್ನಾಲ್ಕು ದಿನ ಬಿಟ್ಟು ಹ್ಯಾಂಡಲ್‌ನಿಂದ ನಿಧಾನವಾಗಿ ಅಲುಗಾಡಿಸಿ.

ತಿರುಗಿದ ಮೇಲೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿಸಿ. ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಎಫ್-134ರಲ್ಲಿ ಸುಮಾರು 120 ಪಿಎಸ್‌ಐ ಬರಬೇಕು ಎನ್ನುವುದು ಸಮುದ್ರಮಟ್ಟದ ಲೆಕ್ಕ. ಸುಮಾರು 1,090 ಮೀಟರ್ ಎತ್ತರದ ಚಿಕ್ಕಮಗಳೂರಿನಲ್ಲಿ ಗೇಜು ಹತ್ತರಲ್ಲೊಂದು ಪಾಲು ಕಡಿಮೆ ತೋರಿಸುತ್ತದೆ, ಅದಕ್ಕೇ ಗಾಬರಿಯಾಗಬೇಡಿ. ನೋಡಬೇಕಾದ್ದು ಸಿಲಿಂಡರುಗಳ ನಡುವಿನ ಅಂತರ. ಅದು 10 ಪಿಎಸ್‌ಐ ದಾಟಬಾರದು. ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕೂರುತ್ತಿಲ್ಲ. ಅಕ್ಕಪಕ್ಕದ ಎರಡೂ ಒಟ್ಟಿಗೆ ಕುಸಿದಿದ್ದರೆ ಹೆಡ್ ಗ್ಯಾಸ್ಕೆಟ್. ವಾಲ್ವ್ ದೂರುವ ಮೊದಲು ಟ್ಯಾಪೆಟ್ಟಿನ ಸಂದು ಅಳೆಯಿರಿ: ಎಂಜಿನ್ ತಣ್ಣಗಿದ್ದಾಗ ಎಫ್-134ರ ಇನ್‌ಲೆಟ್ 18 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು), ಎಕ್ಸಾಸ್ಟ್ 16 ಥೌ. ‘ಸದ್ದು ಬರಬಾರದು’ ಅಂತ ಬಿಗಿ ಮಾಡಿಟ್ಟು ಎಕ್ಸಾಸ್ಟ್ ವಾಲ್ವ್ ಸುಟ್ಟುಕೊಂಡ ಜೀಪುಗಳಿಗೆ ಲೆಕ್ಕವಿಲ್ಲ.

ಹೆಡ್ ಬಿಚ್ಚಿದಾಗ ಬ್ಲಾಕಿನಲ್ಲಿ ವಾಲ್ವ್ ಸೀಟಿಗೂ ಸಿಲಿಂಡರಿಗೂ ನಡುವಿನ ಜಾಗವನ್ನು ಭೂತಗನ್ನಡಿ ಹಿಡಿದು ನೋಡಿ. ಬಿರುಕು ಬಿಡುವುದು ಅಲ್ಲೇ. ಬಿರುಕಿಲ್ಲದಿದ್ದರೆ ಉಳಿದದ್ದೆಲ್ಲ ಲೇತ್ ಕೆಲಸ. ಮೂಲ ಬೋರ್ 79.38 ಮಿ.ಮೀ., 40 ಥೌವರೆಗೆ ಬೋರ್ ಹೊಡೆಸಬಹುದು, ಅದೂ ಮುಗಿದಿದ್ದರೆ ಸ್ಲೀವ್, ಅಂದರೆ ಸಿಲಿಂಡರಿನೊಳಗೆ ಹೊಸ ಕೊಳವೆ. ಪಿಸ್ಟನ್ ಕೈಗೆ ಬಂದ ಮೇಲೆ ಅದರ ಅಳತೆಗೆ ಬೋರ್ ಹೊಡೆಸಿ, ಉಲ್ಟಾ ಮಾಡಬೇಡಿ.

‘ಪೆಟ್ರೋಲ್ ಜೀಪು ಘಾಟಿ ಹತ್ತಲ್ಲ’ ಎಂಬ ದೂರಿಗೆ ಬಹುಪಾಲು ಕಾರಣ ಕಾರ್ಬುರೇಟರ್. ಎತ್ತರದಲ್ಲಿ ಗಾಳಿ ತೆಳು, ಪೆಟ್ರೋಲ್ ಹೆಚ್ಚಾಗಿ ಪ್ಲಗ್ ಕಪ್ಪಾಗುತ್ತದೆ. ಪೆಟ್ರೋಲ್ ಬಿಡುವ ಜೆಟ್ ಒಂದು ಮೆಟ್ಟಿಲು ಚಿಕ್ಕದು ಹಾಕಿಸಿ. ಕಡಿದಾದ ಏರಿಗೆ ಲೋ ಗೇರ್ ಹಾಕುವುದನ್ನು ಮರೆಯಬೇಡಿ, ಅದಿರುವುದೇ ಅದಕ್ಕೆ. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ತಿನ್ನುತ್ತದೆ. ಮಳೆಗಾಲದಲ್ಲಿ ನೀರನ್ನೂ ಹೀರುತ್ತದೆ. ಪೈಪು, ಡಯಾಫ್ರಮ್ ಬದಲಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು ಖಾಲಿ ಮಾಡಿ.

ಡೀಸೆಲ್ಲೇ ಬೇಕೆಂದರೆ

ಡೀಸೆಲ್ ಎಂದರೆ ಎಳೆತ ಜಾಸ್ತಿ ಎಂದು ಕಣ್ಣುಮುಚ್ಚಿ ನಂಬಬೇಡಿ. ಮಹೀಂದ್ರದ ಎಂಎಂ540 ಜೀಪಿನಲ್ಲಿದ್ದ 2,112 ಸಿಸಿ ಪೂಜೋ ಡೀಸೆಲ್ ಎಂಜಿನ್ನಿನ ಟಾರ್ಕ್ ಸುಮಾರು 12 ಕೆ.ಜಿ.-ಮೀ. ಎಫ್-134 ಪೆಟ್ರೋಲ್‌ನದು ಸುಮಾರು 15.8. ಅಂದರೆ ದುಡ್ಡು ಕೊಟ್ಟು ಎಳೆತ ಕಳೆದುಕೊಂಡಂತೆ. ಮಹೀಂದ್ರದ್ದೇ 2,523 ಸಿಸಿಯ ಎಂಡಿಐ ಡೀಸೆಲ್ ಎಂಜಿನ್ ಕಡಿಮೆ ಸುತ್ತಿನಲ್ಲೇ ಎಳೆಯುತ್ತದೆ, ಡೈರೆಕ್ಟ್ ಇಂಜೆಕ್ಷನ್ ಆದ್ದರಿಂದ ಡಿಸೆಂಬರ್ ಬೆಳಗಿನ ಚಳಿಗೂ ಪೂಜೋನಂತೆ ಹೀಟರ್ ಪ್ಲಗ್ ಕಾಯಿಸಿಕೊಂಡು ಕೂರುವುದಿಲ್ಲ. ಆದರೆ ಸಿಜೆ-3ಬಿ ಆಕ್ಸಲ್ ಅನುಪಾತ 5.38. 6.00-16 ಟೈರಿನಲ್ಲಿ 60 ಕಿ.ಮೀ. ವೇಗಕ್ಕೇ ಎಂಜಿನ್ ನಿಮಿಷಕ್ಕೆ ಸುಮಾರು 2,450 ಸುತ್ತು ತಿರುಗುತ್ತದೆ. ನಿಧಾನ ಸುತ್ತಿನ ಡೀಸೆಲ್ ಅಲ್ಲಿಂದ ಮುಂದೆ ಅರಚುತ್ತದೆ. ಹೈವೇ ಓಡಾಟವಿದ್ದರೆ ಆ ಅನುಪಾತ ಬದಲಿಸಲು ಆಕ್ಸಲ್ಲಿನ ಕ್ರೌನ್-ಪಿನಿಯನ್ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಕೂರಿಸುವಾಗ ಕೆಡುವ ಜಾಗಗಳು ಇವು. ಎಂಜಿನ್-ಗೇರ್‌ಬಾಕ್ಸ್ ನಡುವಿನ ಅಡಾಪ್ಟರ್ ಪ್ಲೇಟ್ ಮಧ್ಯಕ್ಕೆ ಸರಿಯಾಗಿ ಕೂರದಿದ್ದರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಬೇಗ ಹೋಗುತ್ತದೆ. ಡಯಲ್ ಗೇಜಿನಲ್ಲಿ ವ್ಯತ್ಯಾಸ 0.13 ಮಿ.ಮೀ. ಮೀರಬಾರದು, ‘ಕಣ್ಣಂದಾಜು ಸಾಕು’ ಎನ್ನುವ ವರ್ಕ್‌ಶಾಪಿಗೆ ಕೊಡಬೇಡಿ. ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಮತ್ತು ಮುಂದಿನ ಡಿಫರೆನ್ಷಿಯಲ್ ನಡುವೆ ಸ್ಪ್ರಿಂಗ್ ಪೂರ್ತಿ ಒತ್ತಿದಾಗಲೂ ಜಾಗವಿರಬೇಕು, ಇಲ್ಲದಿದ್ದರೆ ಮೊದಲ ಹೊಂಡಕ್ಕೇ ಸಂಪ್ ಒಡೆಯುತ್ತದೆ. ಡೀಸೆಲ್ ಎಂಜಿನ್ನಿನ ಭಾರಕ್ಕೆ ಮುಂದಿನ ಸ್ಪ್ರಿಂಗ್ ಪ್ಲೇಟು ಬಲಪಡಿಸಿ. ನಡುಕಕ್ಕೆ ಮೌಂಟಿಂಗ್ ಬ್ರಾಕೆಟ್ಟಿನ ವೆಲ್ಡಿಂಗ್ ಬುಡದಲ್ಲೇ ಚಾಸಿ ಸೀಳುತ್ತದೆ, ಮೊದಲ ಸಾವಿರ ಕಿ.ಮೀ. ಆದ ಮೇಲೆ ಕೆಳಗೆ ಮಲಗಿ ನೋಡಿ. ಡೀಸೆಲ್‌ನಲ್ಲಿ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಇಲ್ಲ, ಹಳೇ ವ್ಯಾಕ್ಯೂಮ್ ವೈಪರ್ ಇದ್ದರೆ ಬೇರೆ ಪಂಪ್ ಬೇಕು. 6 ವೋಲ್ಟಿನ ವೈರಿಂಗ್ ಪೂರ್ತಿ ಬದಲಾಗಬೇಕು. ಟ್ಯಾಂಕಿಗೆ ರಿಟರ್ನ್ ಪೈಪೂ ಬೇಕು.

ಬಿಚ್ಚಿದ ಮೂಲ ಎಂಜಿನ್ ಮಾತ್ರ ಮಾರಬೇಡಿ. ಬ್ಲಾಕಿನ ನೀರು ಪೂರ್ತಿ ಇಳಿಸಿ, ಸಿಲಿಂಡರುಗಳಿಗೆ ಆಯಿಲ್ ಬಿಟ್ಟು, ರಂಧ್ರಗಳನ್ನೆಲ್ಲ ಮುಚ್ಚಿ ಮರದ ಹಲಗೆಯ ಮೇಲಿಡಿ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದರೆ ಮಲೆನಾಡಿನ ಮಳೆಗಾಲದಲ್ಲಿ ಒಳಗೇ ಬೆವತು ತುಕ್ಕು ಹಿಡಿಯುತ್ತದೆ, ಗೋಣಿಚೀಲ ಹೊದಿಸಿ. ತಿಂಗಳಿಗೊಮ್ಮೆ ಹ್ಯಾಂಡಲ್ ಹಾಕಿ ಎರಡು ಸುತ್ತು ತಿರುಗಿಸಿ.